ಮೈಕ್ರೋವೇವ್ ಎಲ್ಲಿಡೋದು? ಒಂದು ಅಡುಗೆಮನೆಯ ಪ್ರಕರಣ

ಅಡುಗೆಮನೆ ಹೊಸದಾಗಿ ಮಾಡಿಸುವಾಗ ಒಲೆ, ಸಿಂಕ್, ಫ್ರಿಡ್ಜ್ ಮೂರರ ಜಾಗ ಮೊದಲ ಮಾತುಕತೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಮೈಕ್ರೋವೇವ್ ವಿಷಯ ಬಂದರೆ, "ಅದನ್ನ ಆಮೇಲೆ ಎಲ್ಲಾದ್ರೂ ಕೂರಿಸಿದರಾಯ್ತು" ಅನ್ನುತ್ತಾರೆ. ಕಪಾಟಿನ ಕೆಲಸ ಮುಗಿದು, ಟೈಲ್ಸ್ ಹಾಕಿ, ಬಣ್ಣವೂ ಬಳಿದಾದ ಮೇಲೆ ಮಿಕ್ಕ ಯಾವುದೋ ಮೂಲೆಗೆ ಅದು ಹೋಗಿ ಸೇರುತ್ತದೆ. ಈ ಪ್ರಕರಣದ ಮನೆಯವರು ಆ ಪ್ರಶ್ನೆಯನ್ನು ಮೊದಲೇ ಎತ್ತಿದರು. ಅದಕ್ಕೆ ಉತ್ತರ ಹುಡುಕುತ್ತಾ ಹೋಗಿ, ಕೊನೆಗೆ ಫ್ರಿಡ್ಜಿನ ಜಾಗವೇ ಬದಲಾಯಿತು. ಅದು ಹೇಗಾಯ್ತು, ಯಾಕಾಯ್ತು ಅನ್ನೋದರ ವಿವರ ಇಲ್ಲಿದೆ.

ಮನೆ, ಜನ, ಹಳೆಯ ವ್ಯವಸ್ಥೆ

ಮನೆಯಲ್ಲಿ ನಾಲ್ಕು ಜನ. ಗಂಡ, ಹೆಂಡತಿ, 9 ವರ್ಷದ ಮಗಳು, ಗಂಡನ ತಾಯಿ. ಅಡುಗೆ ಬಹುತೇಕ ಹೆಂಡತಿಯದ್ದೇ. ಅಡುಗೆಮನೆ 3 ಮೀಟರ್ ಉದ್ದ, 2.7 ಮೀಟರ್ ಅಗಲ. ಊಟದ ಕೋಣೆಯಿಂದ ಒಳಗೆ ಕಾಲಿಟ್ಟರೆ ಬಲಗೋಡೆಗೆ ಒಲೆ, ಎದುರಿಗೆ ಕಿಟಕಿ, ಕಿಟಕಿ ಕೆಳಗೆ ಸಿಂಕ್. ಎಡಗೋಡೆಯಲ್ಲಿ ಹಳೆಯದೊಂದು ಮೇಜು, ಅದರಾಚೆ ಕಿಟಕಿ ಕಡೆಯ ಮೂಲೆಯಲ್ಲಿ ಫ್ರಿಡ್ಜ್. ಹೊಸ ನಕ್ಷೆಯಲ್ಲಿ ಮೇಜು ತೆಗೆದು, ಬಾಗಿಲ ಪಕ್ಕಕ್ಕೆ ನೆಲದಿಂದ ಮೇಲಿನವರೆಗೆ ಒಂದು ಎತ್ತರದ ಕಪಾಟು, ಆಮೇಲೆ ಸ್ವಲ್ಪ ಕಟ್ಟೆ, ಮೂಲೆಯಲ್ಲಿ ಮೊದಲಿದ್ದ ಹಾಗೇ ಫ್ರಿಡ್ಜ್ ಅಂತ ಬರೆದಿದ್ದರು.

ಮೈಕ್ರೋವೇವ್ ಇದ್ದದ್ದು ಒಲೆಗೂ ಸಿಂಕಿಗೂ ನಡುವಿನ ಕಟ್ಟೆ ಮೇಲೆ. ತೊಳೆದದ್ದನ್ನು ಹೆಚ್ಚಿ ಒಲೆಗೆ ಹಾಕುವ ಜಾಗ ಅದು. ಯಾವ ಅಡುಗೆಮನೆಯಲ್ಲೂ ಅಷ್ಟು ಕೆಲಸಕ್ಕೆ ಬರುವ ಕಟ್ಟೆ ಇನ್ನೊಂದಿರುವುದಿಲ್ಲ. ಇವರದ್ದು ಕನ್ವೆಕ್ಷನ್, ಅಂದರೆ ಓವನ್ ಹಾಗೆ ಬಿಸಿ ಗಾಳಿಯಿಂದಲೂ ಬೇಯಿಸುವ ವ್ಯವಸ್ಥೆ, ಇರುವ ಮಾದರಿ. ಅಗಲ 51 ಸೆಂ.ಮೀ., ಎತ್ತರ 31, ಆಳ 48. ಅಕ್ಕಪಕ್ಕ ಗಾಳಿಯಾಡಲು ಬಿಟ್ಟದ್ದೂ ಸೇರಿದರೆ ಸುಮಾರು 70 ಸೆಂ.ಮೀ. ಕಟ್ಟೆ ಅದಕ್ಕೇ ಹೋಗಿತ್ತು.

ಹೆಂಡತಿ ದೂರು ಹೇಳಿದ್ದು ಹೀಗೆ: "ಹೆಚ್ಚೋ ಮಣೆ ಇಡೋಕೆ ಜಾಗ ಇಲ್ಲ. ಅದೂ ಹೋಗ್ಲಿ, ಒಲೆ ಮೇಲೆ ಏನೋ ಕುದೀತಿರುವಾಗಲೇ ಎಲ್ಲರೂ ನನ್ನ ಮೊಣಕೈ ಕೆಳಗೆ ತೂರ್ಕೊಂಡು ಬರ್ತಾರೆ."

ಜಾಗ ಇಲ್ಲ ಅನ್ನೋ ದೂರು ಎಲ್ಲ ಮನೆಯಲ್ಲೂ ಇರುತ್ತದೆ. ಸಲಹೆ ಕೊಡಲು ಹೋಗಿದ್ದ ನನಗೆ ಕುತೂಹಲ ಹುಟ್ಟಿಸಿದ್ದು ಎರಡನೇ ಮಾತು. ಯಾರು ಹೀಗೆ ತೂರಿಕೊಂಡು ಬರುವವರು? ಯಾಕೆ?

ಬಾಗಿಲಿಗೆ ಅಂಟಿಸಿದ ಹಾಳೆ

ಮೈಕ್ರೋವೇವ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ದಾರ ಕಟ್ಟಿದ ಪೆನ್ನು ನೇತುಹಾಕಲು ಹೇಳಿದೆ. ಯಾರು ಬಳಸಿದರು, ಏನು ಬಿಸಿ ಮಾಡಿದರು, ಎಲ್ಲಿಂದ ತಂದರು, ಎಲ್ಲಿಗೆ ಒಯ್ದರು. ಅಷ್ಟೇ ನಾಲ್ಕು ಕಲಂ. ಗಂಡನಿಗೆ ಇದು ತಮಾಷೆ ಅನ್ನಿಸಿತು. ಮಗಳು ಮಾತ್ರ ಸ್ಕೆಚ್ ಪೆನ್ನಲ್ಲಿ ಅಚ್ಚುಕಟ್ಟಾಗಿ ಗೆರೆ ಎಳೆದು ಎಲ್ಲರ ಹೆಸರೂ ಬರೆದಳು.

ವಾರ ಕಳೆಯುವ ಹೊತ್ತಿಗೆ ಹಾಳೆ ಮಾತಾಡತೊಡಗಿತು. ಹೆಚ್ಚಿನ ಗೆರೆಗಳು ಅಜ್ಜಿ ಮತ್ತು ಮೊಮ್ಮಗಳವು. ಹಾಲು, ನೀರು, ಮಿಕ್ಕಿದ ಊಟ. ರಾತ್ರಿ ತಡವಾಗಿ ಬರುವ ಗಂಡ ಒಂದು ತಟ್ಟೆ ಬಿಸಿ ಮಾಡಿಕೊಳ್ಳುತ್ತಾರೆ. ಅಡುಗೆ ಮಾಡುವ ಹೆಂಡತಿಯ ಹೆಸರಿನ ಮುಂದೆ ಅಲ್ಲೊಂದು ಇಲ್ಲೊಂದು ಗೆರೆ, ಅದೂ ಫ್ರೀಜರಿನಿಂದ ತೆಗೆದದ್ದನ್ನು ಸಡಿಲ ಮಾಡಿಕೊಳ್ಳಲು. "ಎಲ್ಲಿಂದ" ಅನ್ನುವ ಕಲಂನಲ್ಲಿ ಬಹುಪಾಲು ಫ್ರಿಡ್ಜ್. "ಎಲ್ಲಿಗೆ" ಅನ್ನುವಲ್ಲಿ ಬಹುಪಾಲು ಊಟದ ಮೇಜು.

ಅಂದರೆ ಈ ಮನೆಯಲ್ಲಿ ಮೈಕ್ರೋವೇವ್ ಅಡುಗೆಯ ಸಾಧನವೇ ಅಲ್ಲ. ಅಡುಗೆ ಮಾಡದವರು ಜಾಸ್ತಿ ಬಳಸುವ ಯಂತ್ರ ಅದು. ಅಂಥದ್ದನ್ನು ತಂದು ಅಡುಗೆ ಮಾಡುವವರ ಕೈಯಳತೆಯಲ್ಲಿ, ಒಲೆ ಪಕ್ಕದಲ್ಲೇ ಇಟ್ಟಿದ್ದರು. ತಿಕ್ಕಾಟ ಆಗದೆ ಇನ್ನೇನಾದೀತು?

ಹೀಗಾಗುವುದಕ್ಕೆ ಒಂದು ಹಳೆಯ ಕಾರಣವಿದೆ. ಒಲೆ, ಸಿಂಕ್, ಫ್ರಿಡ್ಜ್ ಮೂರನ್ನೂ ತ್ರಿಕೋನದಂತೆ ಜೋಡಿಸುವ ಲೆಕ್ಕ 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡದ್ದು. ಆಗ ಮನೆಗಳಲ್ಲಿ ಮೈಕ್ರೋವೇವ್ ಇರಲೇ ಇಲ್ಲ. ಪರ್ಸಿ ಸ್ಪೆನ್ಸರ್ ಅವರ ಪ್ರಯೋಗಗಳನ್ನು ಆಧರಿಸಿ ರೇಥಿಯಾನ್ ಕಂಪನಿ 1947ರಲ್ಲಿ ಮಾರಾಟಕ್ಕೆ ತಂದ ರೇಡಾರೇಂಜ್ ಅನ್ನುವ ಮೈಕ್ರೋವೇವ್ ಸುಮಾರು 1.8 ಮೀಟರ್ ಎತ್ತರ ಇತ್ತು, 340 ಕಿಲೋ ತೂಗುತ್ತಿತ್ತು. ಅದನ್ನು ಮನೆಯಲ್ಲಿ ಎಲ್ಲಿಡೋದು ಅಂತ ಯಾರೂ ತಲೆ ಕೆಡಿಸಿಕೊಳ್ಳುವ ಹಾಗಿರಲಿಲ್ಲ. ಕಟ್ಟೆ ಮೇಲೆ ಕೂರುವಷ್ಟು ಚಿಕ್ಕ ಮಾದರಿಯನ್ನು ಅಮಾನಾ ಕಂಪನಿ ತಂದದ್ದು 1967ರಲ್ಲಿ. ಅಷ್ಟೊತ್ತಿಗೆ ತ್ರಿಕೋನ ಗಟ್ಟಿಯಾಗಿ ಬೇರೂರಿತ್ತು. ಹೊಸದಾಗಿ ಬಂದ ಯಂತ್ರಕ್ಕೆ ಅದರಲ್ಲಿ ಜಾಗವೇ ಇಲ್ಲ. ಇಂದಿಗೂ ಬಹಳಷ್ಟು ನಕ್ಷೆಗಳಲ್ಲಿ ಅದು ಕಡೆಗೆ ಸೇರಿಸಿದ ಒಂದು ಚೌಕ ಅಷ್ಟೇ.

ಬಂದ ಸಲಹೆಗಳು

ಒಲೆ ಮೇಲೆ, ಚಿಮಣಿ ಜಾಗದಲ್ಲಿ. ಇದು ಗಂಡನ ಸಲಹೆ. ಫೋಟೋಗಳಲ್ಲಿ ನೋಡಿದ್ದರು. ಕೆಳಗಿಂದ ಹೊಗೆ ಎಳೆದುಕೊಳ್ಳುವ ಫ್ಯಾನ್, ಮೇಲೆ ಮೈಕ್ರೋವೇವ್, ಎರಡೂ ಒಂದರಲ್ಲೇ. ಕಟ್ಟೆ ಪೂರ್ತಿ ಖಾಲಿ. ಕೇಳಲು ಚೆನ್ನಾಗಿದೆ. ಇದಕ್ಕೆಂದೇ ತಯಾರಿಸಿದ ಮಾದರಿ ಬೇಕು, ಮನೆಯಲ್ಲಿರುವ ಸಾಮಾನ್ಯ ಮೈಕ್ರೋವೇವನ್ನು ಒಲೆ ಮೇಲಿನ ಶೆಲ್ಫಿನಲ್ಲಿ ಕೂರಿಸುವಂತಿಲ್ಲ ಅನ್ನೋದು ಮೊದಲ ಮಾತು. ಅದಕ್ಕಿಂತ ದೊಡ್ಡ ಅಡ್ಡಿ ಬೇರೆ ಇದೆ. ಉರಿಯುತ್ತಿರುವ ಒಲೆಯ ಮೇಲಿಂದ ಕೈ ಚಾಚಿ, ತಲೆ ಮಟ್ಟದಿಂದ ಬಿಸಿ ಬಟ್ಟಲು ಇಳಿಸಬೇಕು. ಅಜ್ಜಿಗೆ ಬಲಭುಜ ನೋವು. ಮಗುವಿಗೆ ಸ್ಟೂಲ್ ಬೇಕಾಗುತ್ತದೆ. ಒಲೆ ಮುಂದೆ ಸ್ಟೂಲ್ ಹಾಕಿಕೊಂಡು ನಿಂತ ಮಗು! ಅಲ್ಲಿಗೆ ಆ ಮಾತು ಮುಗಿಯಬೇಕಿತ್ತು. ಆದರೂ ಗಂಡ ಇನ್ನೂ ಸ್ವಲ್ಪ ಹೊತ್ತು ಪಟ್ಟು ಬಿಡಲಿಲ್ಲ. ಆಗ ಹೆಂಡತಿ ಇನ್ನೊಂದು ಪಾಯಿಂಟ್ ತೆಗೆದರು. "ರೀ, ಎರಡರಲ್ಲಿ ಒಂದು ಕೆಟ್ಟರೂ ಎರಡನ್ನೂ ಬಿಚ್ಚಿಸಬೇಕಲ್ವಾ?" ಹೌದು. ಅಷ್ಟೇ ಅಲ್ಲ, ಇಂಥ ಜೋಡಿ ಯಂತ್ರಗಳ ತಳ ಸಾಮಾನ್ಯವಾಗಿ ಒಲೆಯಷ್ಟು ಮುಂದಕ್ಕೆ ಚಾಚಿರುವುದಿಲ್ಲ. ಮುಂದಿನ ಬರ್ನರುಗಳ ಹೊಗೆ ತಪ್ಪಿಸಿಕೊಂಡು ಮೇಲೇರುತ್ತದೆ. ದಿನಕ್ಕೆ ಎರಡು ಮೂರು ಹೊತ್ತು ಒಲೆ ಉರಿಯುವ ಮನೆಗೆ ಒಳ್ಳೆಯ ಚಿಮಣಿ ಬಿಟ್ಟುಕೊಡುವುದು ನಷ್ಟದ ವ್ಯಾಪಾರ.

ಮೇಲಿನ ಕಪಾಟುಗಳ ಸಾಲಿನಲ್ಲಿ. ಇದು ಕಾರ್ಪೆಂಟರ್ ಹೇಳಿದ್ದು. ಮೇಲಿನ ಕಪಾಟುಗಳ ಆಳ 30ರಿಂದ 35 ಸೆಂ.ಮೀ. ಯಂತ್ರದ ಆಳವೇ 48. ಹಿಂದೆ ಗಾಳಿಗೂ ವೈರಿಗೂ ಜಾಗ ಸೇರಿಸಿದರೆ ಇನ್ನೂ ಜಾಸ್ತಿ. ಆ ಒಂದು ಕಪಾಟು ಮಾತ್ರ ಮುಂದಕ್ಕೆ ಉಬ್ಬಿಕೊಂಡು ಹಣೆಗೆ ತಗಲುವ ಹಾಗಿರುತ್ತದೆ. ಬೇಡ.

ಕಟ್ಟೆ ಕೆಳಗೆ. ಇದು ಮಗಳ ಆಸೆ, ಅವಳ ಎತ್ತರಕ್ಕೆ ಸರಿಯಾಗಿ. ಈ ಸಲಹೆಯನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಡ್ರಾಯರಿನಂತೆ ಮುಂದಕ್ಕೆ ಜಾರಿ ಬರುವ ಮೈಕ್ರೋವೇವ್‌ಗಳಿವೆ. ಬಟ್ಟಲನ್ನು ಮೇಲಿಂದ ನೇರ ಇಳಿಸಿ, ಮೇಲಕ್ಕೇ ಎತ್ತಿಕೊಳ್ಳಬಹುದು. ಎತ್ತಿದ ಬಟ್ಟಲಿಗೆ ಕಟ್ಟೆ ಅಲ್ಲೇ ಮೇಲಿರುತ್ತದೆ. ಗಾಲಿಕುರ್ಚಿ ಬಳಸುವವರಿರುವ ಮನೆಗೆ ನಾನು ಮೊದಲು ಹೇಳುವುದೇ ಇದನ್ನು. ಆದರೆ ಇವರ ಕೈಯಲ್ಲಿರುವ ಯಂತ್ರ ಡ್ರಾಯರಲ್ಲ, ಪಕ್ಕಕ್ಕೆ ಬಾಗಿಲು ತೆರೆಯುವಂಥದ್ದು. ಅದನ್ನೇ ಕೆಳಗಿಟ್ಟರೆ ಒಳಗೇನಿದೆ ನೋಡಲು ಕುಕ್ಕರುಗಾಲಲ್ಲಿ ಕೂರಬೇಕು. ಅಜ್ಜಿಯ ಮಂಡಿ ಅದಕ್ಕೆ ಒಪ್ಪುವುದಿಲ್ಲ. ಡ್ರಾಯರ್ ಮಾದರಿ ಕೊಳ್ಳೋಣ ಅಂದರೆ ದುಬಾರಿ, ಹೆಚ್ಚಿನವುಗಳಲ್ಲಿ ಕನ್ವೆಕ್ಷನ್ ಇರುವುದಿಲ್ಲ. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಬರೀ ಜಾಗಕ್ಕೋಸ್ಕರ ಬಿಸಾಡಲು ಯಾರಿಗೂ ಮನಸ್ಸಿರಲಿಲ್ಲ.

ಫ್ರಿಡ್ಜ್ ಮೇಲೆ. ಇದನ್ನು ಯಾರೋ ನೆಂಟರು ಹೇಳಿದರಂತೆ. ಎತ್ತರ ನೋಡಿದರೆ ಸಾಕು, ಉಳಿದದ್ದು ಹೇಳಬೇಕಿಲ್ಲ.

ಅಡುಗೆಮನೆಯ ಹೊರಗೆ, ಊಟದ ಕೋಣೆಯಲ್ಲಿ. ಹಾಳೆ ನೋಡಿದ ಮೇಲೆ ಹೆಂಡತಿಗೆ ಹೊಳೆದದ್ದು ಇದು. ಹಾಳೆಯ "ಎಲ್ಲಿಗೆ" ಕಲಂಗೆ ಇದು ಪಕ್ಕಾ ಉತ್ತರ. "ಎಲ್ಲಿಂದ" ಕಲಂಗೆ ಅಲ್ಲ. ಫ್ರಿಡ್ಜ್ ಕಿಟಕಿ ಕಡೆಯ ಮೂಲೆಯಲ್ಲಿದೆ. ಅಲ್ಲಿಂದ ಇಡೀ ಅಡುಗೆಮನೆ ದಾಟಿ ಹೊರಬಂದು ಬಿಸಿ ಮಾಡಬೇಕು. ಚಮಚ ಬೇಕು, ಮುಚ್ಚಳ ಬೇಕು, ಚೆಲ್ಲಿದರೆ ಒರೆಸುವ ಬಟ್ಟೆ ಬೇಕು ಅಂತ ಮತ್ತೆ ಒಳಗೆ ಓಡಾಟ. ಒಲೆ ಮುಂದಿನ ನೂಕುನುಗ್ಗಲು ಬಾಗಿಲ ಬಳಿಗೆ ವರ್ಗವಾಗುತ್ತಿತ್ತು ಅಷ್ಟೇ.

ಎಡಗೋಡೆಯ ಎತ್ತರದ ಕಪಾಟಿನಲ್ಲಿ. ಉಳಿದದ್ದು ಇದು. ಕಪಾಟಿನ ನಡುವೆ ಒಂದು ತೆರೆದ ಗೂಡು ಬಿಟ್ಟು, ಅದರಲ್ಲಿ ಯಂತ್ರ. ಒಲೆಗೆ ದೂರ, ಊಟದ ಕೋಣೆಗೆ ಹತ್ತಿರ, ಎತ್ತರ ನಮಗೆ ಬೇಕಾದ ಹಾಗೆ. ಎಲ್ಲರೂ ಒಪ್ಪಿದರು. ಕಾರ್ಪೆಂಟರ್ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಹೊರಟೂಬಿಟ್ಟಿದ್ದರು.

ಬಾಗಿಲು ಎತ್ತ ತೆರೆಯುತ್ತದೆ?

ಮೈಕ್ರೋವೇವ್ ಬಾಗಿಲಿನ ಕೀಲು ಹೆಚ್ಚುಕಮ್ಮಿ ಯಾವಾಗಲೂ ಎಡಗಡೆ. ಫ್ರಿಡ್ಜ್ ಬಾಗಿಲನ್ನು ಬಿಚ್ಚಿ ಇನ್ನೊಂದು ಬದಿಗೆ ಹಾಕಿಸಿಕೊಳ್ಳಬಹುದಾದ ಮಾದರಿಗಳು ಬೇಕಾದಷ್ಟಿವೆ. ಮೈಕ್ರೋವೇವ್‌ನಲ್ಲಿ ಆ ಮಾತೇ ಇಲ್ಲ. ಗುಂಡಿಗಳ ಪಟ್ಟಿ, ಅದರ ಹಿಂದಿನ ವಿದ್ಯುತ್ ಭಾಗಗಳು ಬಲಗಡೆ ಇರುವುದರಿಂದ ಬಾಗಿಲು ಎಡಕ್ಕೇ ತೆರೆಯಬೇಕು. ಹಾಗಾಗಿ ಬಟ್ಟಲು ಹೊರಬರುವುದು ಬಲಕ್ಕೆ. ಬಲಗಡೆ, ಕೈ ಮಟ್ಟದಲ್ಲಿ, ಅದನ್ನು ತಕ್ಷಣ ಇಡಲು ಒಂದು ಜಾಗ ಇರಲೇಬೇಕು. ಅಮೆರಿಕದ ನ್ಯಾಷನಲ್ ಕಿಚನ್ ಅಂಡ್ ಬಾತ್ ಅಸೋಸಿಯೇಷನ್ ಮಾರ್ಗಸೂಚಿಯಲ್ಲಿ ಇದಕ್ಕೆ ಅಳತೆಯೇ ಇದೆ. ಯಂತ್ರದ ಮೇಲೆ, ಕೆಳಗೆ ಅಥವಾ ಹಿಡಿಕೆಯ ಪಕ್ಕ ಕನಿಷ್ಠ 15 ಇಂಚು, ಅಂದರೆ 38 ಸೆಂ.ಮೀ. ಖಾಲಿ ಜಾಗ.

ಮೈಕ್ರೋವೇವ್‌ಗೆ ಜಾಗ ಹುಡುಕುವಾಗ ನಾನು ಮೊದಲು ಬಟ್ಟಲಿಗೆ ಜಾಗ ಹುಡುಕುತ್ತೇನೆ. ಸುಟ್ಟುಕೊಳ್ಳುವುದು, ಚೆಲ್ಲುವುದು ಎಲ್ಲ ನಡೆಯುವುದು ಬಾಗಿಲು ತೆರೆದು ಬಟ್ಟಲು ಕೆಳಗಿಡುವವರೆಗಿನ ಆ ಗಳಿಗೆಯಲ್ಲಿ.

ಈ ಕಣ್ಣಲ್ಲಿ ನಕ್ಷೆ ನೋಡಿದರೆ ಎತ್ತರದ ಕಪಾಟಿನ ಬಲಕ್ಕೆ ಕಟ್ಟೆ ಇತ್ತು, ಸರಿ. ಎಡಕ್ಕೆ ಏನಿತ್ತು? ಊಟದ ಕೋಣೆಯಿಂದ ಬರುವ ದಾರಿ. ಬಾಗಿಲು ತೆರೆದಿಟ್ಟು ಬಟ್ಟಲು ತೆಗೆಯುತ್ತಿರುವಾಗ ಯಾರಾದರೂ ಒಳನುಗ್ಗಿದರೆ, ಗಾಜಿನ ಬಾಗಿಲಿನ ಅಂಚು ದೊಡ್ಡವರ ಎದೆಗೆ, ಮಗುವಿನ ಮುಖಕ್ಕೆ. ಓಡಿಕೊಂಡು ಬರುವ 9 ವರ್ಷದ ಹುಡುಗಿ ಇರುವ ಮನೆ. ಕಪಾಟನ್ನು ಹಾಗೇ ಬಿಡುವಂತಿರಲಿಲ್ಲ.

ಕಪಾಟನ್ನು ಬಲಕ್ಕೆ ಸರಿಸಿದರೆ ಫ್ರಿಡ್ಜಿಗೆ ಅಂಟುತ್ತದೆ, ನಡುವಿನ ಕಟ್ಟೆ ಹೋಗುತ್ತದೆ, ಬಟ್ಟಲಿಗೆ ಜಾಗ ಇಲ್ಲ. ಕೆಳಗಿನಿಂದ ಎಳೆದುಕೊಳ್ಳುವ ಹಲಗೆ ಮಾಡಿಕೊಡುತ್ತೇನೆ ಅಂದರು ಕಾರ್ಪೆಂಟರ್. ಜಾಗ ಇಲ್ಲವೇ ಇಲ್ಲ ಅನ್ನುವಲ್ಲಿ ಅದು ಪರವಾಗಿಲ್ಲ. ಆದರೆ ಎರಡೂ ಕೈಯಲ್ಲಿ ಬಿಸಿ ಬಟ್ಟಲು ಹಿಡಿದ ಮೇಲೆ ಹಲಗೆ ಎಳೆಯುವುದು ಯಾವ ಕೈಯಲ್ಲಿ? ಮೊದಲೇ ಎಳೆದಿಟ್ಟುಕೊಳ್ಳಬೇಕು ಅನ್ನುವುದು ನೆನಪಿದ್ದಾಗ ಮಾತ್ರ ನಡೆಯುತ್ತದೆ.

ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಾದರು. ಆಮೇಲೆ ಅಜ್ಜಿ ಕೇಳಿದರು: "ಅಲ್ಲಪ್ಪಾ, ಆ ಫ್ರಿಡ್ಜ್ ಯಾಕೆ ಅಷ್ಟು ದೂರ ಮೂಲೇಲೇ ಇರಬೇಕು?"

ಯಾಕೆ ಅಂದರೆ ಮೊದಲಿಂದ ಅಲ್ಲಿತ್ತು, ಅದಕ್ಕೆ. ಫ್ರಿಡ್ಜನ್ನು ಬಾಗಿಲ ಪಕ್ಕಕ್ಕೆ ತಂದರೆ ಎಲ್ಲ ಗಂಟೂ ಒಟ್ಟಿಗೆ ಬಿಚ್ಚಿಕೊಳ್ಳುತ್ತದೆ. ಎಡಗೋಡೆ ಎದುರು ನಿಂತರೆ ಎಡದಿಂದ ಬಲಕ್ಕೆ ಫ್ರಿಡ್ಜ್, ಎತ್ತರದ ಕಪಾಟು, ಕಟ್ಟೆ. ಫ್ರಿಡ್ಜ್ ಬಾಗಿಲೂ ಎಡಕ್ಕೆ ತೆರೆಯುತ್ತದೆ, ಮೈಕ್ರೋವೇವ್ ಬಾಗಿಲೂ ಎಡಕ್ಕೆ. ಫ್ರಿಡ್ಜಿನಿಂದ ತೆಗೆದದ್ದು ಬಲಕ್ಕೆ ಒಂದು ಹೆಜ್ಜೆ, ಬಿಸಿಯಾದದ್ದು ಮತ್ತೆ ಬಲಕ್ಕೆ, ಕಟ್ಟೆ ಮೇಲೆ. ಒಲೆ ಕಡೆಗೆ ಯಾರೂ ಬರಬೇಕಿಲ್ಲ. ತಣ್ಣೀರು ಬೇಕಾದವರು ಒಳಗೆ ಬಂದೂ ಬರದ ಹಾಗೆ ತೆಗೆದುಕೊಂಡು ಹೋಗಬಹುದು.

ಹೆಂಡತಿಗೆ ಒಂದು ಅನುಮಾನ ಉಳಿದಿತ್ತು. ಸಿಂಕಿನಿಂದ ಫ್ರಿಡ್ಜ್ ದೂರವಾಯಿತಲ್ಲ, ಅಡುಗೆ ಮಾಡುವಾಗ ನಡೆದಾಟ ಜಾಸ್ತಿಯಾಗುವುದಿಲ್ಲವಾ? ತ್ರಿಕೋನದ ಲೆಕ್ಕವನ್ನೇ ಹಿಡಿದು ನೋಡಿದೆವು. ಒಂದೊಂದು ಬದಿಯೂ 1.2 ಮೀಟರಿನಿಂದ 2.7 ಮೀಟರಿನೊಳಗೆ, ಮೂರೂ ಸೇರಿ 7.9 ಮೀಟರ್ ದಾಟಬಾರದು ಅನ್ನುವುದು ಅದೇ ಅಸೋಸಿಯೇಷನ್ ಹೇಳುವ ಅಳತೆ. ಹೊಸ ಜೋಡಣೆಯಲ್ಲಿ ಮೂರೂ ಬದಿ ಸೇರಿ 6 ಮೀಟರಿನ ಒಳಗೇ ಬಂತು. ಒಂದೆರಡು ಹೆಜ್ಜೆ ಜಾಸ್ತಿ ಆದದ್ದು ನಿಜ. ಮೊಣಕೈ ಕೆಳಗೆ ತೂರುವವರು ಇಲ್ಲದಿದ್ದರೆ ಆ ಹೆಜ್ಜೆ ಹಾಕಲು ತಯಾರು ಅಂದರು.

ಎತ್ತರ: ರಟ್ಟಿನ ಪೆಟ್ಟಿಗೆ ಮತ್ತು ನೀರಿನ ಬಟ್ಟಲು

ಗೂಡು ನೆಲದಿಂದ ಎಷ್ಟು ಎತ್ತರದಲ್ಲಿರಬೇಕು? ಅದೇ ಮಾರ್ಗಸೂಚಿ ಪ್ರಕಾರ ಯಂತ್ರದ ತಳ ಮುಖ್ಯವಾಗಿ ಬಳಸುವವರ ಭುಜಕ್ಕಿಂತ 3 ಇಂಚು, ಅಂದರೆ ಸುಮಾರು 7.5 ಸೆಂ.ಮೀ. ಕೆಳಗಿದ್ದರೆ ಒಳ್ಳೆಯದು. ಯಾರೇ ಬಳಸಿದರೂ ತಳ ನೆಲದಿಂದ 54 ಇಂಚು, ಅಂದರೆ 137 ಸೆಂ.ಮೀ. ದಾಟಬಾರದು. ನಿಯಮ ಸರಿ, ಆದರೆ ಮುಖ್ಯವಾಗಿ ಬಳಸುವವರು ಯಾರು ಅಂತ ನಿರ್ಧರಿಸುವುದೇ ಕಷ್ಟ. ಸಾಮಾನ್ಯವಾಗಿ ಅಡುಗೆ ಮಾಡುವವರ ಅಳತೆ ಹಿಡಿಯುತ್ತಾರೆ. ಇಲ್ಲಿ ಹಾಗೆ ಮಾಡಿದರೆ ತಳ 123 ಸೆಂ.ಮೀ. ಎತ್ತರಕ್ಕೆ ಬರುತ್ತಿತ್ತು. ಹಾಳೆ ಹೇಳಿದ್ದು ಬೇರೆ. ಜಾಸ್ತಿ ಬಳಸುವವರು ಮನೆಯ ಇಬ್ಬರು ಕುಳ್ಳರು. ಅಜ್ಜಿಯ ಭುಜ ನೆಲದಿಂದ 120 ಸೆಂ.ಮೀ., ಮಗಳದ್ದು 104. ಲೆಕ್ಕದ ಪ್ರಕಾರ ಅಜ್ಜಿಗೆ 112, ಮಗಳಿಗೆ 96.

ಯಂತ್ರದಷ್ಟೇ ದೊಡ್ಡ ರಟ್ಟಿನ ಪೆಟ್ಟಿಗೆ ತಂದು, ಮುಂಭಾಗ ಕತ್ತರಿಸಿ, ಹಳೆಯ ಮೇಜಿನ ಮೇಲೆ ಮರದ ತುಂಡುಗಳನ್ನು ಪೇರಿಸಿ 112ರ ಎತ್ತರಕ್ಕೆ ಇಟ್ಟೆವು. ಅಗಲ ಬಾಯಿಯ ಬಟ್ಟಲಿಗೆ ಕಂಠಮಟ್ಟ ತಣ್ಣೀರು ತುಂಬಿ, "ಅಜ್ಜಿ, ಇದನ್ನ ಒಳಗಿಟ್ಟು ತೆಗೀರಿ" ಅಂದೆ. ಬಿಸಿ ಏನಲ್ಲವಲ್ಲ, ನಗುತ್ತಲೇ ಎತ್ತಿದರು. ಒಳಗಿಡುವಾಗ ತೊಂದರೆಯಾಗಲಿಲ್ಲ. ತೆಗೆಯುವಾಗ ಬಲಮೊಣಕೈ ಭುಜದ ಮಟ್ಟಕ್ಕೆ ಬಂತು, ಮಣಿಕಟ್ಟು ಒಳಕ್ಕೆ ತಿರುಗಿತು, ಬಟ್ಟಲು ಮೈಕಡೆಗೆ ವಾಲಿತು. ಅಂಚಿನಿಂದ ಹೊರಟ ನೀರು ಮುಂಗೈ ಮೇಲೆ ಹರಿದು ಮೊಣಕೈಯಿಂದ ತೊಟ್ಟಿಕ್ಕಿತು. ಅವರ ನಗು ಅಲ್ಲಿಗೆ ನಿಂತಿತು. ಯಂತ್ರದೊಳಗಿನ ಗಾಜಿನ ತಟ್ಟೆ ತಳಕ್ಕಿಂತ ನಾಲ್ಕೈದು ಸೆಂ.ಮೀ. ಮೇಲಿರುತ್ತದೆ, ಅದರ ಮೇಲೆ ಬಟ್ಟಲಿನ ಎತ್ತರ. ಬರೀ ತಳದ ಅಳತೆ ನೋಡಿದರೆ ಇದು ಗೊತ್ತಾಗುವುದಿಲ್ಲ.

ಮರದ ತುಂಡು ತೆಗೆದು 95ಕ್ಕೆ ಇಳಿಸಿದೆವು. ಈ ಸಲ ಅಜ್ಜಿಯ ಮೊಣಕೈ ಸೊಂಟದ ಪಕ್ಕವೇ ಉಳಿಯಿತು, ನೀರು ಅಲುಗಿತು ಅಷ್ಟೇ. ಮಗಳಿಗೆ ಬಟ್ಟಲು ಭುಜಕ್ಕಿಂತ ಸ್ವಲ್ಪ ಕೆಳಗೆ ಬಂತು, ಒಳಗೇನಿದೆ ಅಂತ ಮೇಲಿಂದ ಕಾಣುತ್ತಿತ್ತು. ಕಟ್ಟೆಯ ಎತ್ತರ 86. ಬಟ್ಟಲನ್ನು ಪಕ್ಕಕ್ಕೆ ತಂದು ಅಂಗೈಯಗಲ ಕೆಳಗಿಳಿಸಿದರೆ ಕೂರುತ್ತದೆ. 95 ಅಂತ ಗೋಡೆಗೆ ಪೆನ್ಸಿಲ್ ಗುರುತು ಹಾಕಿಬಿಟ್ಟೆವು. 175 ಸೆಂ.ಮೀ. ಎತ್ತರದ ಗಂಡ ಬಗ್ಗಿ ನೋಡಬೇಕಾಗುತ್ತದೆ. ಅವರು ಬಳಸುವುದು ದಿನಕ್ಕೊಮ್ಮೆ, ಬಗ್ಗಲಿ ಅಂತ ಮನೆಯವರೇ ತೀರ್ಪು ಕೊಟ್ಟರು.

ಗಾಳಿ, ಅಗಲ, ವಿದ್ಯುತ್

ಇಲ್ಲಿ ಕಾರ್ಪೆಂಟರ್ ಜೊತೆ ಸ್ವಲ್ಪ ಎಳೆದಾಟವಾಯಿತು. ನಕ್ಷೆಯಲ್ಲಿ ಕಪಾಟಿನ ಅಗಲ 60 ಸೆಂ.ಮೀ. ಎರಡು ಬದಿಯ ಹಲಗೆ ಕಳೆದರೆ ಒಳಗೆ 56. ಯಂತ್ರ 51. "ಆರಾಮಾಗಿ ಕೂರುತ್ತೆ ಸರ್" ಅಂದರು. ಕೂರುತ್ತದೆ, ಉಸಿರಾಡುವುದಿಲ್ಲ. ಮೈಕ್ರೋವೇವ್ ಒಳಗಿನ ಫ್ಯಾನ್ ಬಿಸಿ ಗಾಳಿಯನ್ನು ಬದಿಯಿಂದಲೋ ಹಿಂದಿನಿಂದಲೋ ಹೊರಗೆ ತಳ್ಳುತ್ತದೆ. ಎಷ್ಟು ಜಾಗ ಬೇಕು ಅನ್ನೋದು ಮಾದರಿಯಿಂದ ಮಾದರಿಗೆ ಬೇರೆ, ಅದರ ಕೈಪಿಡಿಯಲ್ಲೇ ಬರೆದಿರುತ್ತದೆ. ಇವರ ಕೈಪಿಡಿ ಎರಡೂ ಬದಿಗೆ ಮತ್ತು ಹಿಂದಕ್ಕೆ 10 ಸೆಂ.ಮೀ., ಮೇಲಕ್ಕೆ 20 ಕೇಳುತ್ತಿತ್ತು. ಕನ್ವೆಕ್ಷನ್ ಮಾದರಿಗೆ ಇದರಲ್ಲಿ ಜಿಪುಣತನ ಮಾಡಬಾರದು. ಅದು ನಿಜವಾದ ಓವನ್ ಹಾಗೆ ಕಾಯುತ್ತದೆ, ಹೊರಮೈಯೂ ಬಿಸಿಯಾಗುತ್ತದೆ. ಗಾಳಿ ಸಾಲದಿದ್ದರೆ ಯಂತ್ರ ತಾನೇ ನಿಂತುಹೋಗುತ್ತದೆ, ಇಲ್ಲವೇ ಸುತ್ತಲಿನ ಲ್ಯಾಮಿನೇಟ್ ಏಳತೊಡಗುತ್ತದೆ.

ಎರಡು ದಾರಿ ಇತ್ತು. 60ರ ಕಪಾಟಿನೊಳಗೆ ಚೌಕಟ್ಟು ಸಮೇತ ಕೂರುವ ಬಿಲ್ಟ್-ಇನ್ ಮಾದರಿ ಕೊಳ್ಳುವುದು, ಅಥವಾ ಕಪಾಟನ್ನೇ 75ಕ್ಕೆ ಹಿಗ್ಗಿಸುವುದು. ಬಿಲ್ಟ್-ಇನ್ ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಅದು ಕೆಟ್ಟ ದಿನ ಅದೇ ಅಳತೆಯದ್ದನ್ನೇ ಹುಡುಕಿಕೊಂಡು ಅಲೆಯಬೇಕು. ಕಪಾಟು ಯಂತ್ರಕ್ಕಿಂತ ಎಷ್ಟೋ ವರ್ಷ ಜಾಸ್ತಿ ಬಾಳುತ್ತದೆ. ಹಾಗಾಗಿ ಗೂಡು ದೊಡ್ಡದಿದ್ದರೆ ಮುಂದೆ ಯಾವ ಯಂತ್ರವಾದರೂ ಬಂದು ಕೂರಬಹುದು. ಗೂಡಿನ ಒಳಅಳತೆ ಕೊನೆಗೆ ಅಗಲ 71, ಎತ್ತರ 55, ಆಳ 58 ಆಯಿತು. ಗೋಡೆಯಲ್ಲಿ ಅದಕ್ಕೆ ಜಾಗ ಸಿಕ್ಕಿತಾ? ಸಿಕ್ಕಿತು. ಫ್ರಿಡ್ಜ್ ಬಾಗಿಲು ಪೂರ್ತಿ ತೆರೆಯಲು ಗೋಡೆ ಪಕ್ಕ 8 ಸೆಂ.ಮೀ., ಫ್ರಿಡ್ಜ್ 70, ಅದರ ಬಿಸಿ ಹೊರಹೋಗಲು ಸಣ್ಣ ಸಂದು, ಕಪಾಟು 75. ಮೂಲೆಯ ಭಾಗ ಬಿಟ್ಟೂ 85 ಸೆಂ.ಮೀ. ಕಟ್ಟೆ ಉಳಿಯಿತು. ಬೇಕಾದದ್ದು 38.

ಗೂಡಿಗೆ ಮುಚ್ಚುವ ಬಾಗಿಲು ಬೇಕು ಅಂತ ಹೆಂಡತಿಗೆ ಆಸೆಯಿತ್ತು. ಮುಚ್ಚಿಟ್ಟು ಯಂತ್ರ ಓಡಿಸುವಂತಿಲ್ಲ, ಮುಚ್ಚಿದ್ದು ಮರೆತು ಮಗು ಗುಂಡಿ ಒತ್ತಿದರೆ ಕಷ್ಟ. ಬೇಡ ಅಂದೆ. ಗೂಡಿನ ಒಳಗೆ ಕಡುಬಣ್ಣದ ಲ್ಯಾಮಿನೇಟ್ ಹಾಕಿಸಿದಾಗ ಕಪ್ಪು ಯಂತ್ರ ಅದರಲ್ಲಿ ಬೆರೆತುಹೋಯಿತು. ಹಲಗೆ ಬಾಗದಂತೆ ಕೆಳಗೆ ನಡುವೆ ಒಂದು ಆಧಾರ ಕೊಟ್ಟರು. ಅದರ ಕೆಳಗೆ ಡ್ರಾಯರುಗಳು.

ವಿದ್ಯುತ್ ವಿಷಯದಲ್ಲಿ ಜನ ಸಾಮಾನ್ಯವಾಗಿ ಮೋಸಹೋಗುವುದು ಯಂತ್ರದ ಮೇಲೆ ಬರೆದಿರುವ 900 ವ್ಯಾಟ್ ನೋಡಿ. ಅದು ಆಹಾರಕ್ಕೆ ತಲುಪುವ ಶಕ್ತಿ. ಗೋಡೆಯಿಂದ ಯಂತ್ರ ಎಳೆಯುವುದು 1,400 ವ್ಯಾಟ್ ಆಸುಪಾಸು. 230 ವೋಲ್ಟ್ ಇರುವ ಕಡೆ ಅದು 6 ಆಂಪಿಯರ್, 120 ವೋಲ್ಟ್ ಇರುವ ಕಡೆ 12ರ ಹತ್ತಿರ. ಕನ್ವೆಕ್ಷನ್ ಹಾಕಿದರೆ ಇನ್ನೂ ಏರುತ್ತದೆ. ಹಳೆಯ ಅಡುಗೆಮನೆಯಲ್ಲಿ ಇದೂ ಎಲೆಕ್ಟ್ರಿಕ್ ಕೆಟಲೂ ಒಂದೇ ಲೈನಿನಲ್ಲಿದ್ದವು, ಎರಡೂ ಒಟ್ಟಿಗೆ ಹಾಕಿದಾಗ ಫ್ಯೂಸ್ ಹೋಗುತ್ತಿತ್ತು. ಈಗ ಮೈಕ್ರೋವೇವ್‌ಗೆ ಮುಖ್ಯ ಬೋರ್ಡಿನಿಂದ ಅರ್ಥಿಂಗ್ ಸಮೇತ ಪ್ರತ್ಯೇಕ ಲೈನ್, ಕೆಟಲ್‌ಗೆ ಕಟ್ಟೆ ಮೇಲೆ ಬೇರೆ ಪಾಯಿಂಟ್. ಪ್ಲಗ್ ಯಂತ್ರದ ಹಿಂದೆ ಬರಕೂಡದು ಅಂತ ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿದ್ದೆವು. ಹಿಂದೆ ಬಂದರೆ ಯಂತ್ರ ಅಷ್ಟು ಮುಂದಕ್ಕೆ ಬರುತ್ತದೆ, ಏನಾದರೂ ಹೆಚ್ಚುಕಮ್ಮಿಯಾದರೆ ಕೈಗೂ ಸಿಗುವುದಿಲ್ಲ. ಗೂಡಿನ ಮೇಲಿನ ಕಪಾಟಿನೊಳಗೆ ಪಾಯಿಂಟ್ ಕೊಟ್ಟು, ವೈರಿಗೆ ಒಂದು ರಂಧ್ರ ಕೊರೆದರು.

ಅಜ್ಜಿಗೆ ಇನ್ನೊಂದು ಚಿಂತೆ ಇತ್ತು. ಹತ್ತಿರ ನಿಂತರೆ ಅದರ ಕಿರಣ ಮೈಗೆ ತಾಗುವುದಿಲ್ಲವಾ? ಅಮೆರಿಕದ ನಿಯಮ ಹೊಸ ಯಂತ್ರದಿಂದ 5 ಸೆಂ.ಮೀ. ದೂರದಲ್ಲಿ ಚದರ ಸೆಂ.ಮೀ.ಗೆ 1 ಮಿಲಿವ್ಯಾಟ್, ಅದರ ಇಡೀ ಆಯಸ್ಸಿನಲ್ಲಿ 5 ಮಿಲಿವ್ಯಾಟ್ ಮೀರಿ ಸೋರಬಾರದು ಅನ್ನುತ್ತದೆ. ಒಂದೆರಡು ಹೆಜ್ಜೆ ದೂರ ಹೋಗುವಷ್ಟರಲ್ಲಿ ಅದೂ ತೀರಾ ಕಡಿಮೆಯಾಗಿರುತ್ತದೆ. ಬಾಗಿಲು ಜಖಂ ಆಗಿಲ್ಲದಿದ್ದರೆ ಜಾಗ ಆರಿಸುವಾಗ ಇದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ವೈ-ಫೈ ಮಾತ್ರ ಬೇರೆ. ಮೈಕ್ರೋವೇವ್ ನಡೆಯುವುದು 2.45 ಗಿಗಾಹರ್ಟ್ಜ್‌ನಲ್ಲಿ, ವೈ-ಫೈ ಬಳಸುವ ಒಂದು ಆವರ್ತನ ಪಟ್ಟಿಯೂ 2.4ರ ಆಸುಪಾಸಿನಲ್ಲೇ. ಹಾಗಾಗಿ ಯಂತ್ರ ಓಡುವಾಗ ಹತ್ತಿರದ ವೈ-ಫೈ ಸಿಗ್ನಲ್‌ಗೆ ಅಡ್ಡಿಯಾಗಬಹುದು. ರೌಟರ್ ಅದೇ ಎಡಗೋಡೆಯ ಆಚೆ ಬದಿಯಲ್ಲಿತ್ತು. ಅದನ್ನು ಬೇರೆ ಕೋಣೆಗೆ ಸಾಗಿಸಿದರು.

ಬಳಸಿದ ಮೇಲೆ

ಕೆಲಸ ಮುಗಿದು ಕೆಲವು ತಿಂಗಳ ಮೇಲೆ ಹೋಗಿ ನೋಡಿದೆ. ಒಲೆಗೂ ಸಿಂಕಿಗೂ ನಡುವಿನ ಕಟ್ಟೆ ಪೂರ್ತಿ ಹೆಂಡತಿಯದ್ದಾಗಿದೆ. ಹೆಚ್ಚುವ ಮಣೆ ಅಲ್ಲಿಂದ ಏಳುವುದೇ ಇಲ್ಲವಂತೆ. ಅಜ್ಜಿ ಯಾರನ್ನೂ ಕರೆಯದೆ ಹಾಲು ಬಿಸಿ ಮಾಡಿಕೊಳ್ಳುತ್ತಾರೆ. ಮಗಳಿಗೆ ಒಂದು ಕಟ್ಟುಪಾಡಿದೆ: ಕಪ್ ತಾನೇ ತೆಗೆಯಬಹುದು, ದ್ರವ ತುಂಬಿದ ಬಟ್ಟಲಿಗೆ ದೊಡ್ಡವರನ್ನು ಕರೆಯಬೇಕು. ದೊಡ್ಡವರಿಲ್ಲದ ಹೊತ್ತಿಗೆ ಯಂತ್ರದ ಚೈಲ್ಡ್ ಲಾಕ್ ಇದೆ.

ಗಂಡ ಬಗ್ಗಿ ಬಗ್ಗಿ ನೋಡುವುದರ ಬಗ್ಗೆ ಈಗಲೂ ಗೊಣಗುತ್ತಾರೆ. ಇಬ್ಬರು ಒಟ್ಟಿಗೆ ಬಂದರೆ ಫ್ರಿಡ್ಜ್ ಮುಂದೆ ನಿಂತವರಿಗೆ ಮೈಕ್ರೋವೇವ್ ಬಾಗಿಲು ಸ್ವಲ್ಪ ಅಡ್ಡ ಬರುತ್ತದೆ. ಇದು ಗೊತ್ತಿದ್ದೇ ಒಪ್ಪಿಕೊಂಡದ್ದು. ಗೂಡಿನ ಅಳತೆ ಮೂರನ್ನೂ ಮೇಲಿನ ಕಪಾಟಿನ ಬಾಗಿಲ ಒಳಗೆ ಬರೆದು ಅಂಟಿಸಿದ್ದಾರೆ, ಮುಂದೆ ಹೊಸ ಯಂತ್ರ ಕೊಳ್ಳುವಾಗ ಬೇಕಾಗುತ್ತದೆ ಅಂತ.

ಯಾರೂ ಊಹಿಸದಿದ್ದ ತೊಂದರೆ ಒಂದೇ. ಬಟ್ಟಲಿಗೆ ಅಂತ ಅಷ್ಟು ಹೋರಾಡಿ ಉಳಿಸಿಕೊಂಡ ಕಟ್ಟೆ ಊಟದ ಕೋಣೆಗೆ ಹತ್ತಿರ, ಪ್ಲಗ್ ಪಾಯಿಂಟ್ ಬೇರೆ ಇದೆ. ಮನೆಯವರ ಫೋನುಗಳೆಲ್ಲ ಅಲ್ಲೇ ಚಾರ್ಜಿಗೆ ಕೂತಿದ್ದವು. ಬೀಗದ ಕೈ, ಕನ್ನಡಕ, ಬಂದ ಕಾಗದಗಳು ಎಲ್ಲ ಒಂದೊಂದಾಗಿ ಅಲ್ಲಿಗೆ ಬಂದು ಸೇರಿದ್ದವು. ಚಾರ್ಜರುಗಳಿಗೆ ಊಟದ ಕೋಣೆಯಲ್ಲಿ ಬೇರೆ ಪಾಯಿಂಟ್ ಹಾಕಿಸಲು ಹೇಳಿ ಬಂದೆ. ಹಾಕಿಸಿದರಂತೆ, ಫೋನುಗಳು ಅಲ್ಲಿಗೆ ಹೋದವಂತೆ. ಬೀಗದ ಕೈಗಳನ್ನು ಇನ್ನೂ ಅಲ್ಲಿಂದ ಏಳಿಸಲಾಗಿಲ್ಲವಂತೆ.